ಯುದ್ಧದಿಂದ ಬಂದ ಕೋವಿ, ಮೊಮ್ಮಗಳ ಅಳತೆ

ಇವತ್ತಿನ ಕತೆ ಶುರುವಾಗೋದು ಒಂದು ಹಳದಿ ಹಾಳೆಯಿಂದ.

ಎರಡು ವರ್ಷದ ಹಿಂದೆ, ಅಕ್ಟೋಬರ್‌ನಲ್ಲಿ, ನಾನು ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಗಿದ್ದೆ. ಅಲ್ಲಿನ ಒಂದು ಸಣ್ಣ ಊರಲ್ಲಿ ನಮ್ಮ ದೊಡ್ಡಪ್ಪನ ಮಗ ಇದ್ದಾನೆ, ನನಗೆ ಅಣ್ಣ ಆಗಬೇಕು. ಅವನ ಪಕ್ಕದ ಮನೆಯವರು ಎಪ್ಪತ್ತು ದಾಟಿದ ಹಿರಿಯರು, ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವರು. ಒಂದು ಸಂಜೆ ಕಾಫಿಗೆ ಕರೆದರು. ಹೋದರೆ ಅಡುಗೆಮನೆ ಟೇಬಲ್ ಮೇಲೆ ಗೆರೆ ಹಾಕಿದ ಹಳದಿ ಹಾಳೆ, ಒಂದು ಪೆನ್ಸಿಲ್, ಒಂದು ರಬ್ಬರ್. ಬರೆದು, ಅಳಿಸಿ, ಮತ್ತೆ ಬರೆದು, ಹಾಳೆ ಒಂದೆರಡು ಕಡೆ ತೆಳ್ಳಗಾಗಿ ಹರಿಯೋ ಹಂತಕ್ಕೆ ಬಂದಿತ್ತು. ಮನೆ ರಿಪೇರಿ ಲೆಕ್ಕ ಇರಬೇಕು ಅಂದುಕೊಂಡೆ. "ಅಲ್ಲ, ಜಿಂಕೆ ರೈಫಲ್ಲು" ಅಂದರು.

ಅಂಗಡಿಗೆ ಹೋಗಿ ತರೋ ರೈಫಲ್ ಅಲ್ಲ. ಹದಿನೈದು ವರ್ಷದ ಮೊಮ್ಮಗಳ ಅಳತೆಗೆ ಅಂತಲೇ ಮಾಡಿಸೋದು. ನಾವು ದರ್ಜಿ ಹತ್ರ ಬಟ್ಟೆ ಹೊಲಿಸ್ತೀವಲ್ಲ, ಹಾಗೆ. ಹಾಳೆಯ ಎಡಕ್ಕೆ ಆರು ಪದ ಒಂದರ ಕೆಳಗೆ ಒಂದು. ಆಕ್ಷನ್, ತೋಟಾ, ನಳಿಗೆ, ಹಿಡಿ, ಸ್ಕೋಪು. ಆರನೆಯದು 'ಮುದ್ರೆ'. ಅದರ ಮುಂದೆ ಏನೂ ಬರೆದಿರಲಿಲ್ಲ, ಬರೀ ಒಂದು ಪ್ರಶ್ನೆ ಚಿಹ್ನೆ.

ಮೊದಲೇ ಹೇಳಿಬಿಡ್ತೀನಿ, ನಾನು ಬೇಟೆ ಆಡಿದವನಲ್ಲ. ನಮ್ಮ ಮನೆಯಲ್ಲಿ ತೋಟ ಕಾಯೋಕೆ ಅಂತ ಒಂದು ಲೈಸೆನ್ಸ್ ಕೋವಿ ಇತ್ತು. ಚುನಾವಣೆ ಬಂದಾಗೆಲ್ಲ ಅಪ್ಪ ಅದನ್ನ ಗೋಣಿಚೀಲದಲ್ಲಿ ಸುತ್ತಿ ಪೊಲೀಸ್ ಸ್ಟೇಷನ್‌ಗೆ ಒಪ್ಪಿಸಿ ರಸೀದಿ ತರ್ತಿದ್ರು. ಕೋವಿ ಜೊತೆ ನನ್ನ ಸಂಬಂಧ ಅಷ್ಟೇ. ಇನ್ನು ಜಿಂಕೆ ವಿಷಯಕ್ಕೆ ಬಂದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ನಮ್ಮಲ್ಲಿ ಜಿಂಕೆ ಹೊಡೆದರೆ ಜೈಲು. ಆದರೂ ಆ ಹಾಳೆ ನನ್ನನ್ನ ಬಿಡಲಿಲ್ಲ. ಯಾಕಂದ್ರೆ ಒಂದೊಂದು ಸಾಲಿನ ಹಿಂದೆಯೂ ಒಂದು ಯುದ್ಧ ಇತ್ತು.

ಮೊದಲ ಸಾಲು ಆಕ್ಷನ್. ನಳಿಗೆಯ ಹಿಂದೆ ಇರೋ ಉಕ್ಕಿನ ಮನೆ ಇದು. ಇದರೊಳಗೆ ಒಂದು ಬೋಲ್ಟ್ ಓಡಾಡುತ್ತೆ. ನಮ್ಮ ಬಚ್ಚಲಮನೆ ಬಾಗಿಲಿನ ಚಿಲಕ ನೆನಪು ಮಾಡಿಕೊಳ್ಳಿ. ಮುಂದಕ್ಕೆ ತಳ್ಳಿ, ಹಿಡಿಯನ್ನ ಕೆಳಕ್ಕೆ ತಿರುಗಿಸಿದರೆ ಬಾಗಿಲು ಭದ್ರ. ಬೋಲ್ಟ್ ರೈಫಲ್ಲೂ ಅದೇ. ಮುಂದಕ್ಕೆ ತಳ್ಳಿದಾಗ ತೋಟಾ ಒಳಗೆ ಹೋಗುತ್ತೆ, ಕೆಳಕ್ಕೆ ತಿರುಗಿಸಿದಾಗ ಬೀಗ ಬೀಳುತ್ತೆ. ಕುದುರೆ ಎಳೆದಾಗ ಒಳಗೆ ಸಿಡಿಯೋ ಮದ್ದಿನ ಒತ್ತಡ ಎಷ್ಟಿರುತ್ತೆ ಅಂದ್ರೆ, ಆ ಬೀಗ ಸರಿಯಿಲ್ಲದಿದ್ರೆ ಬೋಲ್ಟ್ ನೇರ ಮುಖಕ್ಕೇ ಬರುತ್ತೆ.

ಈ ಚಿಲಕವನ್ನ ಭದ್ರ ಮಾಡಿದವರು ಪೀಟರ್ ಪಾಲ್ ಮೌಸರ್. ಜರ್ಮನಿಯ ಓಬರ್ನ್‌ಡಾರ್ಫ್ ಅನ್ನೋ ಊರಿನವರು, 1838ರಲ್ಲಿ ಹುಟ್ಟಿದವರು. ಪರೀಕ್ಷೆ ಮಾಡುವಾಗ ಒಂದು ರೈಫಲ್ ಸಿಡಿದು 1901ರಲ್ಲಿ ಒಂದು ಕಣ್ಣನ್ನೇ ಕಳೆದುಕೊಂಡರು. ಅವರ 1898ರ ಮಾಡೆಲ್ ಜರ್ಮನ್ ಸೈನ್ಯಕ್ಕೆ ಹೋಯ್ತು. ಅದರಲ್ಲಿ ಎರಡು ವಿಷಯ ಬೇಟೆಗಾರರಿಗೆ ಇವತ್ತಿಗೂ ಮುಖ್ಯ. ಒಂದು, ಎರಡು ಬೀಗದ ಜೊತೆಗೆ ಹಿಂದೆ ಮೂರನೇದೊಂದು ರಕ್ಷಣೆ, ಮತ್ತೆ ತೋಟಾ ಬಿರುಕು ಬಿಟ್ಟರೆ ಬಿಸಿ ಗಾಳಿ ಪಕ್ಕಕ್ಕೆ ಹೋಗಲಿ ಅಂತ ಕೊರೆದ ತೂತುಗಳು. ಎರಡನೇದು, ಅವರ ಹಳೇ ಮಾಡೆಲ್‌ಗಳಿಂದಲೇ ಬಂದ ಒಂದು ಉದ್ದದ ಉಕ್ಕಿನ ಉಗುರು. ತೋಟಾ ಮ್ಯಾಗಜಿನ್‌ನಿಂದ ಮೇಲೆ ಬರೋ ಕ್ಷಣದಲ್ಲೇ ಈ ಉಗುರು ಅದರ ಅಂಚನ್ನ ಹಿಡಿದುಕೊಳ್ಳುತ್ತೆ, ಖಾಲಿ ಕೊಳವೆಯನ್ನ ಹೊರಗೆ ಎಸೆಯೋವರೆಗೂ ಬಿಡಲ್ಲ. ಕೆಸರು, ಹಿಮ, ನಡುಗೋ ಕೈ, ಯಾವುದಿದ್ದರೂ ತೋಟಾ ತಪ್ಪಿಸಿಕೊಳ್ಳೋ ಹಾಗಿಲ್ಲ. ಸೈನಿಕನಿಗೆ ಅಂತ ಮಾಡಿದ್ದು. ಬೇಟೆಗಾರನಿಗೂ ಅದೇ ಬೇಕಿತ್ತು.

ಅಮೆರಿಕಕ್ಕೆ ಈ ವಿಷಯ ಗೊತ್ತಾಗಿದ್ದು ಪೆಟ್ಟು ತಿಂದಮೇಲೆ. 1898ರ ಜುಲೈ 1. ಕ್ಯೂಬಾದ ಸಾನ್ ಹ್ವಾನ್ ಗುಡ್ಡ, ಪಕ್ಕದ ಎಲ್ ಕಾನೆ ಹಳ್ಳಿ. ಮೇಲೆ ಕೆಲವೇ ನೂರು ಸ್ಪ್ಯಾನಿಷ್ ಸೈನಿಕರು, ಕೈಯಲ್ಲಿ 7 ಮಿಲಿಮೀಟರ್ ಮೌಸರ್. ಐದು ತೋಟಾ ಒಂದು ತಗಡಿನ ಪಟ್ಟಿಯಲ್ಲಿ ಜೋಡಿಸಿರುತ್ತೆ, ಹೆಬ್ಬೆರಳಲ್ಲಿ ಒಂದು ಸಲ ಒತ್ತಿದರೆ ಐದೂ ಒಳಗೆ. ಕೆಳಗೆ ಹತ್ತಿ ಬರ್ತಾ ಇದ್ದ ಅಮೆರಿಕನ್ನರ ಕ್ರ್ಯಾಗ್ ರೈಫಲ್‌ಗೆ ಪಕ್ಕದ ಮುಚ್ಚಳ ತೆಗೆದು ಬಿಡಿ ಬಿಡಿ ತೋಟಾ ಸುರಿಯಬೇಕಿತ್ತು. ಕೆಲವು ಸ್ವಯಂಸೇವಕ ಪಡೆಗಳ ಹತ್ರ ಕರಿಮದ್ದಿನ ಹಳೇ ಕೋವಿ. ಈಡು ಹಾರಿಸಿದರೆ ಹೊಗೆ ಎದ್ದು 'ನಾನಿಲ್ಲಿದ್ದೀನಿ' ಅಂತ ಸಾರುತ್ತಿತ್ತು. ಗುಡ್ಡ ಕೊನೆಗೆ ಅಮೆರಿಕನ್ನರ ಕೈಗೇ ಬಂತು. ಆದರೆ ಆ ಒಂದೇ ದಿನ ಅವರ ಕಡೆ ಸತ್ತವರು, ಗಾಯಗೊಂಡವರು ಸೇರಿ ಸಾವಿರಕ್ಕೂ ಹೆಚ್ಚು.

ಅವತ್ತು ಗುಂಡಿಗೆ ಎದುರಾಗಿ ಗುಡ್ಡ ಹತ್ತಿದವರಲ್ಲಿ ಒಬ್ಬರು ಥಿಯೋಡರ್ ರೂಸ್‌ವೆಲ್ಟ್. ಮೂರು ವರ್ಷಕ್ಕೆ ಅಮೆರಿಕದ ಅಧ್ಯಕ್ಷರಾದರು. ಅವರ ಕಾಲದಲ್ಲೇ, 1903ರಲ್ಲಿ, ಅಮೆರಿಕನ್ ಸೈನ್ಯಕ್ಕೆ ಹೊಸ ರೈಫಲ್ ಬಂತು. ಹೆಸರು ಸ್ಪ್ರಿಂಗ್‌ಫೀಲ್ಡ್. ಒಳಗೆ ನೋಡಿದರೆ ಮೌಸರ್. ಎಷ್ಟು ಮೌಸರ್ ಅಂದ್ರೆ, ಪೇಟೆಂಟ್ ಲೆಕ್ಕದಲ್ಲಿ ಅಮೆರಿಕ ಸರ್ಕಾರ ಮೌಸರ್ ಕಂಪನಿಗೆ 2 ಲಕ್ಷ ಡಾಲರ್ ಕೊಡಬೇಕಾಯ್ತು. 1906ರಲ್ಲಿ ಆ ರೈಫಲ್‌ಗೆ ಹೊಸ ತೋಟಾ ಬಂತು. ಅದೇ 30-06, ಬಾಯಲ್ಲಿ 'ಥರ್ಟಿ-ಆಟ್-ಸಿಕ್ಸ್'. ಮೊದಲ ಅಂಕಿ ಗುಂಡಿನ ದಪ್ಪ, ಇಂಚಿನ ನೂರನೇ ಭಾಗದಲ್ಲಿ. ಎರಡನೇದು ಇಸವಿ. ಇವತ್ತಿಗೂ ಅಮೆರಿಕದ ಜಿಂಕೆ ಕಾಡಲ್ಲಿ ಅತಿ ಪರಿಚಿತ ಹೆಸರುಗಳಲ್ಲಿ ಇದೂ ಒಂದು.

ಇಲ್ಲಿಂದ ಕತೆ ಬೇಟೆ ಕಡೆ ತಿರುಗುತ್ತೆ, ತಿರುಗಿಸಿದವರೂ ಅದೇ ರೂಸ್‌ವೆಲ್ಟ್. ಸ್ಪ್ರಿಂಗ್‌ಫೀಲ್ಡ್ ಬಂದ ಹೊಸದರಲ್ಲೇ ಸರ್ಕಾರಿ ಕಾರ್ಖಾನೆಯಿಂದ ತಮಗೆ ಅಂತ ಒಂದನ್ನ ಮಾಡಿಸಿಕೊಂಡರು. ಸೈನ್ಯದ ದಪ್ಪ ಮರ ತೆಗೆದು, ಬೇಟೆಗೆ ಒಗ್ಗೋ ಹಗುರ ಹಿಡಿ. 1909ರಲ್ಲಿ ಅಧಿಕಾರ ಬಿಟ್ಟ ಕೂಡಲೇ ಅದನ್ನ ತಗೊಂಡು ಆಫ್ರಿಕಾಕ್ಕೆ ಹೋದರು. ಜೊತೆಗೆ .405 ವಿಂಚೆಸ್ಟರ್ ಕೂಡ. ಈ .405 ಅನ್ನೋ ಅಂಕಿ ಎಲ್ಲೋ ಓದಿದ ಹಾಗಿದೆ ಅನ್ನಿಸ್ತಾ? ಬೆಂಗಳೂರಿನ ಕೆನೆತ್ ಆಂಡರ್ಸನ್ ಕೈಯಲ್ಲಿದ್ದದ್ದು ಅದೇ. ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಕಾಡಿನ ಕತೆಗಳನ್ನ ಹೈಸ್ಕೂಲಲ್ಲಿ ಟಾರ್ಚ್ ಹಾಕಿಕೊಂಡು ಓದಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ರೂಸ್‌ವೆಲ್ಟ್ ಆಫ್ರಿಕಾದ ಬೇಟೆ ಬಗ್ಗೆ ಬರೆದ ಪುಸ್ತಕ 1910ರಲ್ಲಿ ಬಂತು. ನ್ಯೂಯಾರ್ಕ್‌ನಲ್ಲಿ ಅದನ್ನ ಓದಿದ ಒಬ್ಬ ಬಡಗಿ, ಮನೆಗೆ ಪೀಠೋಪಕರಣ ಮಾಡ್ತಿದ್ದವರು, ಸೀಮೋರ್ ಗ್ರಿಫಿನ್. ನಾನೂ ಇಂಥದ್ದೇ ಮಾಡ್ಕೋಬೇಕು ಅಂತ ಒಂದು ಸ್ಪ್ರಿಂಗ್‌ಫೀಲ್ಡ್ ಕೊಂಡು, ಒಳ್ಳೇ ಅಕ್ರೋಟ್ ಮರದಲ್ಲಿ ತಾವೇ ಹಿಡಿ ಕೆತ್ತಿದರು. ನೋಡಿದವರು ತಮಗೂ ಬೇಕು ಅಂದರು. 1923ರಲ್ಲಿ ಲೋಹದ ಕೆಲಸದ ಜೇಮ್ಸ್ ಹೋವ್ ಜೊತೆ ಸೇರಿ ಗ್ರಿಫಿನ್ ಅಂಡ್ ಹೋವ್ ಅಂಗಡಿ ಶುರುವಾಯ್ತು. ಅರ್ನೆಸ್ಟ್ ಹೆಮಿಂಗ್ವೇ ಅವರ ಬೇಟೆ ಸ್ಪ್ರಿಂಗ್‌ಫೀಲ್ಡ್ ಬಂದದ್ದು ಅಲ್ಲಿಂದಲೇ. ಅದೇ 1910ರ ಸುಮಾರಿಗೆ ಖಂಡದ ಆ ತುದಿಯಲ್ಲಿ, ಲಾಸ್ ಏಂಜಲೀಸ್‌ನಲ್ಲಿ, ಲೂಯಿ ವುಂಡ್‌ಹ್ಯಾಮರ್ ಅನ್ನೋ ಕುಶಲಕರ್ಮಿ ಸ್ಪ್ರಿಂಗ್‌ಫೀಲ್ಡ್‌ಗಳಿಗೆ ಬೇಟೆ ಹಿಡಿ ಹಾಕಿಕೊಡ್ತಿದ್ದರು. ಅಂಗೈ ಕೂರೋ ಜಾಗದಲ್ಲಿ ಮರವನ್ನ ಸ್ವಲ್ಪ ಉಬ್ಬಿಸಿ ಬಿಡೋದು ಅವರ ಗುರುತು. ನೂರು ವರ್ಷ ಆದಮೇಲೂ ಆ ಉಬ್ಬಿಗೆ ಅವರದೇ ಹೆಸರು.

ಗಮನಿಸಿ, ಇಲ್ಲಿ ಯಾರೂ ಹೊಸ ಯಂತ್ರ ಕಂಡುಹಿಡೀತಿಲ್ಲ. ಸೈನ್ಯದ ಉಕ್ಕು ಹಾಗೇ ಇದೆ. ಬದಲಾಗ್ತಿರೋದು ಮರ, ನಳಿಗೆ, ಕಣ್ಣಿಟ್ಟು ನೋಡೋ ಜಾಗ. ಸಮವಸ್ತ್ರ ಬಿಚ್ಚಿಸಿ ಮನೆ ಬಟ್ಟೆ ತೊಡಿಸಿದ ಹಾಗೆ.

ಹಾಳೆಯ ಎರಡನೇ ಸಾಲು ತೋಟಾ. ಹಿತ್ತಾಳೆ ಕೊಳವೆ, ಒಳಗೆ ಮದ್ದು, ತುದಿಯಲ್ಲಿ ಗುಂಡು, ಮೂರೂ ಸೇರಿದ್ದು. ಹಿರಿಯರು ಇಲ್ಲಿ ಅತಿ ಹೆಚ್ಚು ಸಲ ರಬ್ಬರ್ ಆಡಿಸಿದ್ದರು. ಮೊದಲು 30-06. ಅಳಿಸಿ .270 ವಿಂಚೆಸ್ಟರ್. ಅದನ್ನೂ ಅಳಿಸಿ 7×57.

.270ಕ್ಕೆ ಹೆಸರು ತಂದುಕೊಟ್ಟವರು ಜಾಕ್ ಓ'ಕಾನರ್. ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಪಾಠ ಮಾಡ್ತಿದ್ದವರು, ಆಮೇಲೆ 'ಔಟ್‌ಡೋರ್ ಲೈಫ್' ಪತ್ರಿಕೆಯಲ್ಲಿ ಬೇಟೆ ರೈಫಲ್ ಬಗ್ಗೆ ದಶಕಗಟ್ಟಲೆ ಬರೆದರು. 1925ರಲ್ಲಿ ಬಂದ ಈ ತೋಟಾ, 30-06ರ ವಂಶದ್ದೇ ಕೊಳವೆಯ ಕತ್ತನ್ನ ಸಪೂರ ಮಾಡಿದ್ದು. ಅಂದ್ರೆ ಇದೂ ಸೈನ್ಯದ ಮನೆಯ ಮಗುವೇ. ಓ'ಕಾನರ್ ಮಾತಿಗೆ ಎಷ್ಟು ಬೆಲೆ ಇತ್ತು ಅಂದ್ರೆ, ಅವರಿಗೆ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಿನ ಆಲ್ ಬೀಸನ್ ಮಾಡಿಕೊಟ್ಟ ರೈಫಲ್‌ನ ಹಿಡಿ ಹೇಗಿತ್ತೋ ಹಾಗೇ ಇರಬೇಕು ಅಂತ ಒಂದಿಡೀ ತಲೆಮಾರು ಹಾಳೆ ಹಿಡಿದು ಕೂತಿತ್ತು.

ಆದರೆ ಪ್ಲ್ಯಾನ್ ಮಾಡೋರು ಮರೆಯೋ ಒಂದು ವಿಷಯ ಇದೆ. ಅವರ ಹೆಂಡತಿ ಎಲಿನೋರ್ ಕೂಡ ದೊಡ್ಡ ಬೇಟೆಗಾರ್ತಿ. ಅವರಿಗೆ ಇಷ್ಟವಾದದ್ದು ಗಂಡನ .270 ಅಲ್ಲ, 7×57. ಒದೆತ ಕಡಿಮೆ. ರೈಫಲ್ ಹಿಂದಕ್ಕೆ ತೋಳಿಗೆ ಗುದ್ದುತ್ತಲ್ಲ, ಅದು. ಒದೆತಕ್ಕೆ ಹೆದರಿದ ಕೈ ಕುದುರೆ ಎಳೆಯೋ ಕ್ಷಣಕ್ಕೆ ಮುಂಚೆಯೇ ಬೆದರುತ್ತೆ. ಬೆದರಿದರೆ ಗುರಿ ತಪ್ಪುತ್ತೆ, ಜಿಂಕೆ ಗಾಯಗೊಂಡು ಓಡುತ್ತೆ, ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತೆ. "ಗಾಯ ಮಾಡಿ ಬಿಡೋದಕ್ಕಿಂತ ಹೊಡೀದೇ ಇರೋದು ವಾಸಿ" ಅಂದರು ಹಿರಿಯರು. ಮೊಮ್ಮಗಳಿಗೆ ದೊಡ್ಡ ತೋಟಾ ಬೇಡ ಅಂತ ತೀರ್ಮಾನಿಸಿದ್ದು ಅದಕ್ಕೇ.

7×57 ಅಂದ್ರೆ ಗುಂಡಿನ ದಪ್ಪ 7 ಮಿಲಿಮೀಟರ್, ಕೊಳವೆಯ ಉದ್ದ 57. ಅಂದ್ರೆ ಸಾನ್ ಹ್ವಾನ್ ಗುಡ್ಡದ ಮೇಲಿಂದ ಸ್ಪ್ಯಾನಿಷ್ ಸೈನಿಕರು ಹಾರಿಸಿದ ಅದೇ ತೋಟಾ! ಇದನ್ನೇ ಲಂಡನ್ನಿನ ರಿಗ್ಬಿ ಕಂಪನಿ .275 ರಿಗ್ಬಿ ಅಂತ ಹೆಸರಿಟ್ಟು ಮಾರಿತು. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನ ಕೊಂದದ್ದಕ್ಕೆ ಜಿಮ್ ಕಾರ್ಬೆಟ್‌ಗೆ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಜಾನ್ ಹೆವೆಟ್ ಬಹುಮಾನವಾಗಿ ಕೊಟ್ಟ ರೈಫಲ್ ಇದೇ .275. ಹಿಡಿಯ ಮೇಲೆ ಅದನ್ನ ಬರೆದ ಬೆಳ್ಳಿ ತಗಡಿದೆ. ಒಳಗಿನ ಆಕ್ಷನ್ ಮಾತ್ರ ಓಬರ್ನ್‌ಡಾರ್ಫ್‌ನ ಮೌಸರ್. ನಮ್ಮ ಹಿಮಾಲಯದ ಕತೆಯೊಳಗೂ ಆ ಚಿಲಕ ಬಂದು ಕೂತಿದೆ ನೋಡಿ.

ಈಗ ಹಿರಿಯರ ಆಕ್ಷನ್ ಎಲ್ಲಿಂದ ಬಂತು ಅನ್ನೋದು. ಅವರು ಒಳಗೆ ಹೋಗಿ ಒಂದು ಹಳೇ ಕಂಬಳಿಯಲ್ಲಿ ಸುತ್ತಿದ ರೈಫಲ್ ತಂದರು. ಅವರ ತಂದೆ 1945ರಲ್ಲಿ ಜರ್ಮನಿಯಿಂದ ತಂದದ್ದು. ಆಗ ಸೈನಿಕರು ವಶಪಡಿಸಿಕೊಂಡ ಆಯುಧವನ್ನ ಅಧಿಕಾರಿಯ ಸಹಿ ಇರೋ ಚೀಟಿಯ ಜೊತೆ ಮನೆಗೆ ತರಬಹುದಿತ್ತು. ಆ ಚೀಟಿಯೂ ಇತ್ತು, ನಾಲ್ಕು ಮಡಿಕೆಯಾಗಿ. ರೈಫಲ್ ಹೆಸರು ಕೆ98ಕೆ. 1935ರಿಂದ ಯುದ್ಧ ಮುಗಿಯೋವರೆಗೆ ಜರ್ಮನಿ ಇಂಥದ್ದು ಕೋಟಿಗೂ ಹೆಚ್ಚು ಮಾಡಿತ್ತು.

ಮುಂಭಾಗದ ಮರ ಅರ್ಧಕ್ಕೆ ಇರಲೇ ಇಲ್ಲ. ತಂದೆ 1950ರ ದಶಕದಲ್ಲಿ ಕೈಗರಗಸದಲ್ಲಿ ಕೊಯ್ದು ಹಾಕಿದ್ದರಂತೆ, ಹಗುರ ಆಗಲಿ ಅಂತ. "ಇವತ್ತು ಯಾರಾದ್ರೂ ಸಂಗ್ರಹಕಾರರು ನೋಡಿದ್ರೆ ಅಳ್ತಾರೆ" ಅಂತ ನಕ್ಕರು. ನಿಜ. ಮೂಲ ರೂಪದಲ್ಲಿ ಉಳಿದ ಕೆ98ಕೆ ಇವತ್ತು ಕೊಯ್ದದ್ದಕ್ಕಿಂತ ಎಷ್ಟೋ ಪಾಲು ಬೆಲೆ ಬಾಳುತ್ತೆ. ಆದರೆ ಆಗ ಇದು ಪ್ರತಿ ಊರಲ್ಲೂ ನಡೀತಿತ್ತು. ಯುದ್ಧ ಮುಗಿದು ಮನೆಗೆ ಬಂದವರ ಹತ್ರ ರೈಫಲ್ ಇತ್ತು, ಗರಗಸ ಇತ್ತು, ದುಡ್ಡು ಇರಲಿಲ್ಲ. ತಂದಿಲ್ಲದವರಿಗೆ ಅಂಚೆ ಇತ್ತು. ಯೂರೋಪಿನ ಸೈನ್ಯಗಳು ಬೇಡ ಅಂತ ಹಾಕಿದ ರೈಫಲ್‌ಗಳನ್ನ ವ್ಯಾಪಾರಿಗಳು ಹಡಗುಗಟ್ಟಲೆ ತಂದರು. ಪತ್ರಿಕೆಯಲ್ಲಿನ ಕೂಪನ್ ಕತ್ತರಿಸಿ ದುಡ್ಡು ಕಳಿಸಿದರೆ ಪೋಸ್ಟ್‌ನಲ್ಲಿ ಮನೆ ಬಾಗಿಲಿಗೆ ರೈಫಲ್. ನಾವು ಇವತ್ತು ಮೊಬೈಲ್ ಕವರ್ ತರಿಸಿಕೊಳ್ತೀವಲ್ಲ, ಹೆಚ್ಚುಕಮ್ಮಿ ಅಷ್ಟೇ ಸಲೀಸು.

1963ರ ವಸಂತದಲ್ಲಿ ಅಂಥ ಒಂದು ಕೂಪನ್ ಷಿಕಾಗೋದ ಅಂಗಡಿಯೊಂದಕ್ಕೆ ಬಂತು. ಇಟಲಿ ಸೈನ್ಯದ ಹಳೇ ಕಾರ್ಕಾನೋ ರೈಫಲ್, ಮೇಲೆ ಸ್ಕೋಪ್ ಕೂರಿಸಿದ್ದು, 19 ಡಾಲರ್ 95 ಸೆಂಟ್. ಕಳಿಸಿದವನು ಸುಳ್ಳು ಹೆಸರು ಕೊಟ್ಟಿದ್ದ. ನಿಜ ಹೆಸರು ಲೀ ಹಾರ್ವಿ ಆಸ್ವಾಲ್ಡ್. ಅದೇ ನವೆಂಬರ್ 22ಕ್ಕೆ ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನೆಡಿ ಹತ್ಯೆಯಾಯ್ತು.

ಬೇಟೆ ರೈಫಲ್ ಪ್ರೀತಿಸೋರು ಬರೆದ ಇತಿಹಾಸ ಓದಿ, ಈ ಭಾಗವನ್ನ ಬೇಗ ಬೇಗ ದಾಟಿಬಿಡ್ತಾರೆ. ನನಗೆ ಅದು ಸರಿ ಅನ್ನಿಸಲ್ಲ. ಹಳೇ ಸೈನ್ಯದ ಉಕ್ಕು, ಅಗ್ಗದ ದುರ್ಬೀನು, ಅಂಚೆ ಪೆಟ್ಟಿಗೆ. ಬಡ ಬೇಟೆಗಾರನಿಗೆ ಜಿಂಕೆ ರೈಫಲ್ ಕೊಟ್ಟದ್ದು ಯಾವ ದಾರಿಯೋ ಆಸ್ವಾಲ್ಡ್‌ಗೂ ಅದೇ ದಾರಿ. ಸಂಸತ್ತಿನಲ್ಲಿ ಐದು ವರ್ಷ ಎಳೆದಾಟ ನಡೀತು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಆಮೇಲೆ ರಾಬರ್ಟ್ ಕೆನೆಡಿ ಗುಂಡಿಗೆ ಬಲಿಯಾದಮೇಲೆ, ಆ ಅಕ್ಟೋಬರ್‌ನಲ್ಲಿ ಗನ್ ಕಂಟ್ರೋಲ್ ಆಕ್ಟ್ ಬಂತು. ಜನಸಾಮಾನ್ಯರಿಗೆ ರಾಜ್ಯದಿಂದ ರಾಜ್ಯಕ್ಕೆ ಅಂಚೆಯಲ್ಲಿ ಕೋವಿ ಕಳಿಸೋದು ನಿಂತಿತು. ಹೊರದೇಶದ ಸೈನ್ಯದ ಹಳೇ ಮಾಲು ಬರೋದಕ್ಕೂ ಬಾಗಿಲು ಮುಚ್ಚಿತು, ಮತ್ತೆ ತೆರೆದದ್ದು 1980ರ ದಶಕದಲ್ಲಿ. ಅಷ್ಟರಲ್ಲಿ ಕಾರ್ಖಾನೆಗಳೂ ಬದಲಾಗಿದ್ದವು. 1962ರ ರೆಮಿಂಗ್ಟನ್ 700 ಅಗ್ಗವಾಗಿ, ನಿಖರವಾಗಿ ಬರ್ತಿತ್ತು. ಖರ್ಚು ಉಳಿಸೋಕೆ ವಿಂಚೆಸ್ಟರ್ ತನ್ನ ಮಾಡೆಲ್ 70ರಿಂದ ಮೌಸರ್ ಉಗುರನ್ನ 1964ರಲ್ಲಿ ಕಿತ್ತುಹಾಕಿತು, ಅದಕ್ಕೆ ಗ್ರಾಹಕರು ಇವತ್ತಿಗೂ ಬಯ್ತಾರೆ. ಮನೆ ಗ್ಯಾರೇಜಲ್ಲಿ ಮೌಸರ್ ಕೊಯ್ಯೋ ಕಾಲ ಮುಗೀತಾ ಬಂತು.

ಹಾಗಾದ್ರೆ ಇವತ್ತು ಯಾಕೆ ಇವರು ಇದನ್ನ ಮಾಡಿಸ್ತಿದ್ದಾರೆ? ಕೆಲವು ನೂರು ಡಾಲರ್‌ಗೆ ಇದಕ್ಕಿಂತ ನಿಖರವಾದ ಹೊಸ ರೈಫಲ್ ಸಿಗುತ್ತೆ. ಅವರೂ ಒಪ್ಪಿಕೊಂಡರು. ಲಾಭದ ಲೆಕ್ಕವೇ ಅಲ್ಲ ಇದು.

ಆಕ್ಷನ್ ಇಟ್ಟುಕೊಂಡರೆ ಏನೇನು ಬದಲಿಸಬೇಕು ಅಂತ ಅವರು ತೋರಿಸ್ತಾ ಹೋದರು. ಬೋಲ್ಟ್‌ನ ಹಿಡಿಯನ್ನ ಕಾಯಿಸಿ ಇನ್ನೂ ಕೆಳಕ್ಕೆ ಬಗ್ಗಿಸಬೇಕು, ಇಲ್ಲದಿದ್ರೆ ಎತ್ತಿದಾಗ ಸ್ಕೋಪ್‌ಗೆ ಬಡಿಯುತ್ತೆ. ಮೇಲೆ ರೆಕ್ಕೆ ಹಾಗೆ ಏಳೋ ಸೇಫ್ಟಿ ಕೂಡ ಅದೇ ಕಾರಣಕ್ಕೆ ಹೋಗಬೇಕು. ನಳಿಗೆ ಹೊಸದು, ಯಾಕಂದ್ರೆ ಮೂಲ ತೋಟಾ 8 ಮಿಲಿಮೀಟರ್. ಇಲ್ಲೊಂದು ಅನುಕೂಲ ಇದೆ. ಜರ್ಮನ್ ಸೈನ್ಯದ್ದು 8×57, ಹುಡುಗಿಗೆ ಬೇಕಾದದ್ದು 7×57. ಕೊಳವೆಯ ಉದ್ದ ಒಂದೇ, ಬುಡದ ಅಗಲವೂ ಒಂದೇ. ಮ್ಯಾಗಜಿನ್, ಉಗುರು ಯಾವುದನ್ನೂ ಮುಟ್ಟಬೇಕಿಲ್ಲ. 30-06 ಆಗಿದ್ದರೆ ಕೊಳವೆ 63 ಮಿಲಿಮೀಟರ್, ಒಳಗೆ ಉಕ್ಕು ಉಜ್ಜಿ ಜಾಗ ಮಾಡಬೇಕಿತ್ತು. ಎರಡನೇ ಸಾಲಲ್ಲಿ ರಬ್ಬರ್ ಯಾಕೆ ಅಷ್ಟು ಓಡಿತ್ತು ಅಂತ ಆಗ ಅರ್ಥ ಆಯ್ತು. ಒಂದು ಸಾಲು ಬದಲಿಸಿದರೆ ಉಳಿದದ್ದೆಲ್ಲ ಅಲುಗಾಡುತ್ತೆ. ಇದನ್ನೆಲ್ಲ ಮಾಡೋಕೆ ಮುಂಚೆ ಬಲ್ಲ ಕೋವಿ ಮಿಸ್ತ್ರಿ ಆ ಉಕ್ಕನ್ನ ಪರೀಕ್ಷೆ ಮಾಡಿ ಒಪ್ಪಬೇಕು. ಯುದ್ಧದ ಕೊನೇ ತಿಂಗಳುಗಳಲ್ಲಿ ತಯಾರಾದವು ಅವಸರದ ಕೆಲಸ.

ಹಿಡಿಗೆ ಮರ ಹಿತ್ತಲಲ್ಲೇ ಇತ್ತು. ಬಿರುಗಾಳಿಗೆ ಬಿದ್ದ ಕಪ್ಪು ಅಕ್ರೋಟ್ ಮರದ ಹಲಗೆ, ಗ್ಯಾರೇಜಿನ ಅಟ್ಟದಲ್ಲಿ ಆರು ವರ್ಷದಿಂದ ಒಣಗ್ತಾ ಇತ್ತು. ಮಳೆಗಾಲದಲ್ಲಿ ನಮ್ಮ ಮನೆ ಬಾಗಿಲು ಉಬ್ಬಿ ಹಾಕೋಕೆ ಬರಲ್ವಲ್ಲ, ಹಾಗೆ ಹಸಿ ಮರ ಉಬ್ಬಿ ನಳಿಗೆಯನ್ನ ಒಂದು ಕೂದಲೆಳೆ ಒತ್ತಿದರೂ ನೂರು ಗಜದಲ್ಲಿ ಗುಂಡು ಬೇರೆ ಕಡೆ ಬೀಳುತ್ತೆ. ಅಂಗೈ ಹಿಡಿಯೋ ಸಣ್ಣ ಜಾಗದಲ್ಲಿ ಮರದ ಎಳೆ ನೇರ ಹರಿದಿರಬೇಕು, ಓರೆಯಾಗಿದ್ದರೆ ಒದೆತಕ್ಕೆ ಅಲ್ಲೇ ಸೀಳುತ್ತೆ.

ಇನ್ನು ಅಳತೆ. ಕುದುರೆಯಿಂದ ಹಿಡಿಯ ಹಿಂದಿನ ತುದಿವರೆಗೆ ಎಷ್ಟು ಅಂತ. ಅಮೆರಿಕದ ಕಾರ್ಖಾನೆಗಳು ವಯಸ್ಕ ಗಂಡಸನ್ನ ನೆನೆದು ಸಾಮಾನ್ಯವಾಗಿ ಹದಿಮೂರೂವರೆ ಇಂಚು ಇಡ್ತಾರೆ. ಅಷ್ಟರಲ್ಲಿ ಮೊಮ್ಮಗಳು ಬಂದಳು. ತಾತ ಅವಳ ಮೊಣಕೈ ಮಡಚಿಸಿ, ಒಳಮೂಲೆಯಿಂದ ತೋರುಬೆರಳಿನ ತನಕ ಟೇಪ್ ಹಿಡಿದರು. ಆಮೇಲೆ ಚಳಿಗಾಲದ ದಪ್ಪ ಜಾಕೆಟ್ ಹಾಕಿಸಿ ಇನ್ನೊಂದು ಸಲ. ಅಲ್ಲಿ ಜಿಂಕೆ ಸೀಸನ್ ನವೆಂಬರ್ ಕೊನೆಗೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದಮೇಲೆ. ಜಾಕೆಟ್ಟೇ ಅರ್ಧ ಇಂಚು ತಿನ್ನುತ್ತೆ. ಹನ್ನೆರಡೂಮುಕ್ಕಾಲು ಅಂತ ಬರೆದರು. ಅವಳು ಮೊಬೈಲಿಂದ ತಲೆ ಎತ್ತದೇ, "ತಾತ, ನಾನಿನ್ನೂ ಬೆಳೀತೀನಿ" ಅಂದಳು.

ಆ ಸೀಸನ್ ಬಗ್ಗೆ ಒಂದು ಮಾತು. ಈ ಜಿಂಕೆಗಳು ಇವತ್ತು ಇರೋದೇ ಒಂದು ಸೋಜಿಗ. ಮಾಂಸ, ಚರ್ಮದ ಮಾರಾಟಕ್ಕೆ ಹೊಡೆದೂ ಹೊಡೆದೂ 1900ರ ಹೊತ್ತಿಗೆ ಇಡೀ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಸುಮಾರು 5 ಲಕ್ಷಕ್ಕೆ ಇಳಿದಿತ್ತು ಅಂತ ಅಂದಾಜು. ಪೆನ್ಸಿಲ್ವೇನಿಯಾದಲ್ಲಿ ಬಹುತೇಕ ಖಾಲಿ, 1906ರಲ್ಲಿ ಮಿಷಿಗನ್‌ನಿಂದ ಜಿಂಕೆ ತಂದು ಬಿಟ್ಟರು. 1907ರಲ್ಲಿ ಹೆಣ್ಣು ಜಿಂಕೆ ಹೊಡೆಯೋ ಹಾಗಿಲ್ಲ ಅಂತ ಕಾನೂನು ಮಾಡಿದರು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂದಮೇಲೆ ಬೇಟೆ ರೈಫಲ್ ಮತ್ತು ತೋಟಾ ಮೇಲಿನ ಶೇ 11 ತೆರಿಗೆ ವನ್ಯಜೀವಿ ರಕ್ಷಣೆಗೇ ಹೋಗುತ್ತೆ. ಈಗ ಜಿಂಕೆ ಸುಮಾರು 3 ಕೋಟಿ. ಹುಲಿ, ಚಿರತೆ ಇರೋ ನಮ್ಮ ಕಾಡಿಗೆ ಈ ಲೆಕ್ಕ ತಂದು ಅಂಟಿಸೋಕೆ ಆಗಲ್ಲ, ಯಾರಾದ್ರೂ ಹಾಗೆ ವಾದ ಮಾಡಿದರೆ ನಂಬಬೇಡಿ. ಅಲ್ಲಿ ತೋಳ, ಪ್ಯೂಮಾಗಳನ್ನ ಬಹುಪಾಲು ಕಡೆ ಮೊದಲೇ ಮುಗಿಸಿಯಾಗಿತ್ತು.

ಕೊನೇ ಸಾಲಿಗೆ ಬರ್ತೀನಿ. ಮುದ್ರೆ.

ಆಕ್ಷನ್ನಿನ ಮೇಲೆ, ನಳಿಗೆ ಸೇರೋ ಜಾಗದಲ್ಲಿ, ಮೂರು ಅಕ್ಷರ ಕೊರೆದಿತ್ತು: ಬಿ, ವೈ, ಎಫ್. ಅದರ ಕೆಳಗೆ 43. ಅಂದ್ರೆ ಓಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆ, 1943. ಬಲಪಕ್ಕದಲ್ಲಿ ಸಣ್ಣ ಹದ್ದುಗಳು, ಒಂದರ ಕಾಲಡಿ ಸ್ವಸ್ತಿಕ. ನಮ್ಮ ಬಾಗಿಲ ಮೇಲಿನದಲ್ಲ, ಹಿಟ್ಲರ್‌ನದು. ಆ ವರ್ಷಗಳಲ್ಲಿ ಆ ಕಾರ್ಖಾನೆಯಲ್ಲಿ ಬೇರೆ ದೇಶಗಳಿಂದ ಹಿಡಿದು ತಂದ ಸಾವಿರಾರು ಜನ ಬಲವಂತಕ್ಕೆ ದುಡೀತಿದ್ದರು. ಈ ಉಕ್ಕಿಗೆ ಅಷ್ಟು ನುಣುಪು ಕೊಟ್ಟ ಕೈ ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ.

ಮಿಸ್ತ್ರಿ ಕೇಳಿದ್ದರಂತೆ, ಹೊಸ ಬಣ್ಣ ಹಾಕೋ ಮುಂಚೆ ಎಲ್ಲವನ್ನೂ ಉಜ್ಜಿ ನುಣ್ಣಗೆ ಮಾಡಿಬಿಡಲಾ ಅಂತ. 1950ರಲ್ಲಿ ಬಹಳ ಜನ ಹಾಗೇ ಮಾಡಿಸಿದರು. ಹಿರಿಯರಿಗೆ ಉತ್ತರ ಹೊಳೆದಿರಲಿಲ್ಲ. "ಆ ಹದ್ದು ನನ್ನ ಮೊಮ್ಮಗಳ ಕೆನ್ನೆ ಪಕ್ಕ ಇರೋದು ಬೇಡ. ಆದರೆ ಅಪ್ಪ ಇದನ್ನ ಯಾರಿಂದ ಕಿತ್ತುಕೊಂಡು ತಂದರು ಅನ್ನೋದು ಅಳಿಸಿದರೆ, ಇದು ಬರೀ ಒಂದು ರೈಫಲ್ಲು." ನನ್ನ ಅಭಿಪ್ರಾಯ ಕೇಳಿದರು. ಬಿಡೋದೇ ಸರಿ ಅಂದೆ. ಹೇಳೋದು ಸುಲಭ, ಅದು ನನ್ನ ಮನೆಯ ಅಟ್ಟದಲ್ಲಿ ಇರೋದಲ್ಲವಲ್ಲ.

ಮುಂದಿನ ವರ್ಷದ ಡಿಸೆಂಬರ್‌ನಲ್ಲಿ ಅಣ್ಣ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ. ಕಪ್ಪು ಅಕ್ರೋಟ್ ಹಿಡಿ, ಎಣ್ಣೆ ಹಚ್ಚಿ ಕಾಫಿ ಬಣ್ಣಕ್ಕೆ ತಿರುಗಿದೆ. ಪಕ್ಕದ ಹದ್ದುಗಳು ಇಲ್ಲ, ಉಜ್ಜಿಸಿದ್ದಾರೆ. ಮೇಲಿನ ಅಕ್ಷರ, ಇಸವಿ ಫೋಟೋದಲ್ಲಿ ಕಾಣಲ್ಲ. ಅದನ್ನೂ ತೆಗೆಸಿಬಿಟ್ಟರಾ ಅಂತ ಕೇಳಿದೆ. ಇಲ್ಲವಂತೆ. ಸ್ಕೋಪ್ ಕೂರಿಸೋ ಮುಂದಿನ ಪಟ್ಟಿ ಸರಿಯಾಗಿ ಅದರ ಮೇಲೇ ಬರುತ್ತೆ. ಸ್ಕ್ರೂಗೆ ಅಂತ ಕೊರೆದ ಒಂದು ತೂತು 'ವೈ' ಅಕ್ಷರದ ಬಾಲವನ್ನ ಸ್ವಲ್ಪ ತಿಂದಿದೆ, ಉಳಿದದ್ದು ಹಾಗೇ ಇದೆ. ಎರಡು ಸ್ಕ್ರೂ ಬಿಚ್ಚಿದರೆ ಕಾಣುತ್ತೆ. ಚೀಟಿಯನ್ನ ಹುಡುಗಿ ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿದ್ದಾಳಂತೆ.

ಸೀಸನ್‌ನ ಮೊದಲ ದಿನ ಬೆಳಗಿನ ಜಾವ ತಾತ, ಮೊಮ್ಮಗಳು ಕಾಡಿಗೆ ಹೋದರು. ಮಧ್ಯಾಹ್ನದವರೆಗೆ ಕೂತರೂ ಒಂದು ಅಳಿಲು ಬಿಟ್ಟು ಏನೂ ಬರಲಿಲ್ಲವಂತೆ. ಕೈಕಾಲು ಮರಗಟ್ಟಿ ವಾಪಸ್ ಬಂದರು. ಹಿಡಿ ಅವಳಿಗೆ ಆಗಲೇ ಗಿಡ್ಡ ಅನ್ನಿಸ್ತಿದೆಯಂತೆ. ಹಿಂದಿನ ರಬ್ಬರ್ ಪ್ಯಾಡ್ ಬಿಚ್ಚಿ ನಡುವೆ ಕಾಲು ಇಂಚಿನ ಪಟ್ಟಿ ಸೇರಿಸೋದು ಅಂತ ತಾತ ಅದೇ ಹಳದಿ ಹಾಳೆಯ ಕೆಳಗೆ ಬರೆದಿಟ್ಟಿದ್ದಾರೆ.